ಎಷ್ಟು ಗಿರಾಕಿಗಳಿದ್ದಾರೆ ಎಂದು ಹೇಳಬೇಕೇ, ಬೇಡವೇ?

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಎರಡು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ಕಿರಾಣಿ, ಬಟ್ಟೆ ಮತ್ತು ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿಂಗ್ ಹಾಗೂ ಉದ್ರಿ ಲೆಕ್ಕದ ಸಾಫ್ಟ್‌ವೇರ್ ಒದಗಿಸುತ್ತಿದ್ದೇವೆ. ಇದುವರೆಗೆ 340 ಅಂಗಡಿಗಳು ಹೆಸರು ನೋಂದಾಯಿಸಿವೆ. ಅವುಗಳಲ್ಲಿ 105 ಅಂಗಡಿಯವರು ಉಚಿತ ಅವಧಿ ಮುಗಿದ ಮೇಲೆ ಬಿಟ್ಟರು. ಮೊದಲ ವರ್ಷ ಹಣ ಕೊಟ್ಟ 120 ಅಂಗಡಿಗಳಲ್ಲಿ 97 ಎರಡನೇ ವರ್ಷಕ್ಕೂ ಚಂದಾ ಕಟ್ಟಿವೆ, ಈ ವರ್ಷ ಹೊಸದಾಗಿ 115 ಸೇರಿವೆ. ಮಾರಾಟಕ್ಕೆ ಹೋದಲ್ಲೆಲ್ಲ ‘ಎಷ್ಟ ಮಂದಿ ತಗೊಂಡಾರ್ರಿ? ನಮ್ಮ ಓಣ್ಯಾಗ ಯಾರರೆ ಅದಾರೇನ್ರಿ?’ ಎಂದು ಕೇಳುತ್ತಾರೆ. ಪ್ರತಿಸ್ಪರ್ಧಿಗಳ ಜಾಲತಾಣಗಳಲ್ಲಿ ಹತ್ತು ಸಾವಿರ, ಐವತ್ತು ಸಾವಿರ ಎಂದಿದೆ. ನಮ್ಮ ಸಂಖ್ಯೆ ಹೇಳಿದರೆ ಸಣ್ಣವರೆಂದು ಕೈಬಿಡುತ್ತಾರೆ, ಹೇಳದಿದ್ದರೆ ನಂಬುವುದಿಲ್ಲ ಎಂಬ ಇಕ್ಕಟ್ಟಿನಲ್ಲಿದ್ದೇವೆ. ಏನು ಮಾಡಬೇಕು?
— ಹೆಸರು ಬೇಡವೆಂದಿರುವ ಓದುಗರು, ಹುಬ್ಬಳ್ಳಿ

ಉತ್ತರ: ಹೇಳಿ. ಆದರೆ 340 ಎಂದು ಹೇಳಬೇಡಿ. ಇಂದು ಹಣ ಕೊಟ್ಟು ಬಳಸುತ್ತಿರುವ ಅಂಗಡಿಗಳು 212 ಎಂದು ಹೇಳಿ, ಅದರ ಜೊತೆಗೇ ಮೊದಲ ವರ್ಷದ 120ರಲ್ಲಿ 97 ಅಂಗಡಿಗಳು ಉಳಿದುಕೊಂಡಿವೆ ಎಂಬುದನ್ನೂ ಹೇಳಿ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಂಗತಿ ಈ 97. ನೀವು ಮಾತ್ರ ಅದನ್ನು ನಡುವಿನ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೀರಿ. ವರ್ಷಪೂರ್ತಿ ಬಳಸಿ ನೋಡಿದ ವ್ಯಾಪಾರಿ ಎರಡನೇ ಸಲ ಜೇಬಿಗೆ ಕೈ ಹಾಕಿದ್ದಾನೆ ಎಂದರೆ, ನಿಮ್ಮ ಸಾಫ್ಟ್‌ವೇರ್ ಬಗ್ಗೆ ನೀವು ಹೇಳಬಹುದಾದ ಯಾವ ಮಾತಿಗಿಂತಲೂ ಅದು ಹೆಚ್ಚು ತೂಕದ್ದು.

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವ್ಯಾಪಾರಿ ನಿಮ್ಮನ್ನು ಕೇಳುತ್ತಿರುವುದು ನಿಜಕ್ಕೂ ಏನನ್ನು ಎಂದು ಸ್ವಲ್ಪ ಯೋಚಿಸಿ. ಇಡೀ ಓಣಿಯ ಉದ್ರಿ ಬಾಕಿಯನ್ನು, ಯಾರು ಎಷ್ಟು ಕೊಡಬೇಕು, ಯಾವ ತಾರೀಖಿಗೆ ಎಷ್ಟು ಕೊಟ್ಟರು ಎಂಬ ಲೆಕ್ಕವನ್ನು ಅವನು ತನ್ನ ಕೈಬರಹದ ಪುಸ್ತಕದಿಂದ ತೆಗೆದು ನಿಮ್ಮ ಕೈಗೆ ಒಪ್ಪಿಸಬೇಕಾಗಿದೆ. ಮುಂದಿನ ದೀಪಾವಳಿಯ ಹೊತ್ತಿಗೆ ನೀವು ಅಂಗಡಿ ಮುಚ್ಚಿದರೆ ಆ ಬಾಕಿಯನ್ನು ವಸೂಲು ಮಾಡಲು ಅವನ ಬಳಿ ಏನು ಉಳಿಯುತ್ತದೆ? ‘ಎಷ್ಟು ಮಂದಿ ತಗೊಂಡಾರ’ ಎಂಬ ಪ್ರಶ್ನೆಯ ಒಳಗಿರುವುದು ಈ ಭಯ. ಇದಕ್ಕೆ ಹತ್ತು ಸಾವಿರ ಎಂಬುದೂ ಪೂರ್ತಿ ಉತ್ತರವಲ್ಲ, ಏಕೆಂದರೆ ಲಕ್ಷಗಟ್ಟಲೆ ಬಳಕೆದಾರರಿದ್ದ ಸೇವೆಗಳೂ ಮುಚ್ಚಿಹೋಗಿವೆ. ಆದ್ದರಿಂದ ಸಂಖ್ಯೆ ಹೇಳಿದ ಕೂಡಲೇ ಅವನೆದುರೇ ಒಂದು ಮಾದರಿ ಖಾತೆಯನ್ನು ತೆರೆದು, ಅದರಲ್ಲಿರುವ ಉದ್ರಿ ಲೆಕ್ಕವೆಲ್ಲ ಒಂದೇ ಗುಂಡಿಯಲ್ಲಿ ಎಕ್ಸೆಲ್ ಕಡತವಾಗಿ ಹೊರಬರುವುದನ್ನೂ, ಬೇಕೆಂದರೆ ಗಿರಾಕಿವಾರು ಮುದ್ರಿಸಿಕೊಳ್ಳಬಹುದಾದುದನ್ನೂ ತೋರಿಸಿ. ನಿಮ್ಮ ಸಾಫ್ಟ್‌ವೇರಿನಲ್ಲಿ ಆ ಸೌಲಭ್ಯ ಇಲ್ಲವಾದರೆ ಬೇರೆ ಹೊಸ ಸೌಲಭ್ಯಗಳನ್ನೆಲ್ಲ ಬದಿಗಿಟ್ಟು ಮೊದಲು ಅದನ್ನು ಮಾಡಿ.

ಅವನ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯವಾದದ್ದು. ತನ್ನ ಓಣಿಯಲ್ಲಿ ಯಾರಿದ್ದಾರೆ ಎಂದು ಕೇಳುವವನಿಗೆ ಬೇಕಾಗಿರುವುದು ಹೋಗಿ ಮಾತಾಡಿಸಬಹುದಾದ ಒಬ್ಬ ಮನುಷ್ಯ. ಪ್ರತಿ ಪೇಟೆಯಲ್ಲೂ ಇಬ್ಬರು ಮೂವರು ಹಳೆಯ ಗಿರಾಕಿಗಳನ್ನು ಮೊದಲೇ ಕೇಳಿ, ‘ಯಾರಾದರೂ ವಿಚಾರಿಸಲು ಬಂದರೆ ನಿಮ್ಮ ಅಂಗಡಿಯ ಹೆಸರು ಹೇಳಬಹುದೇ’ ಎಂದು ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಅವರಲ್ಲಿ ಒಬ್ಬರು ಅಷ್ಟೇನೂ ಸಂತೋಷವಾಗಿಲ್ಲದವರಾಗಿದ್ದರೂ ಅಡ್ಡಿಯಿಲ್ಲ. ‘ತೊಂದರೆ ಬಂದಿತ್ತು, ಫೋನ್ ಮಾಡಿದ ದಿನವೇ ಬಂದು ಸರಿಮಾಡಿದರು’ ಎಂಬ ಮಾತನ್ನು ವ್ಯಾಪಾರಿಗಳು ಹೊಗಳಿಕೆಗಿಂತ ಬೇಗ ನಂಬುತ್ತಾರೆ.

ಈಗ ಸಂಖ್ಯೆಯನ್ನು ಹೇಗೆ ಬರೆಯಬೇಕು ಎಂಬ ಮಾತಿಗೆ ಬರೋಣ. ‘10,000+ ಗ್ರಾಹಕರು’ ಎಂಬ ಬರಹದಲ್ಲಿ ಯಾವ ದಿನದ ಲೆಕ್ಕ, ಯಾರನ್ನು ಗ್ರಾಹಕ ಎಂದು ಕರೆದಿದ್ದಾರೆ, ಬಿಟ್ಟುಹೋದವರು ಅದರೊಳಗೆ ಇದ್ದಾರೆಯೇ ಎಂಬ ಯಾವ ಪ್ರಶ್ನೆಗೂ ಉತ್ತರವಿಲ್ಲ. ಪತ್ರಿಕೋದ್ಯಮ ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿತ್ತು. ಪ್ರತಿಯೊಂದು ಪತ್ರಿಕೆಯೂ ತನ್ನ ಪ್ರಸಾರ ಇಷ್ಟು ಎಂದು ಹೇಳಿಕೊಳ್ಳುತ್ತಿದ್ದಾಗ, ಹಣ ಕೊಡುವ ಜಾಹೀರಾತುದಾರನಿಗೆ ಯಾರನ್ನು ನಂಬಬೇಕೆಂದು ತಿಳಿಯುತ್ತಿರಲಿಲ್ಲ. ಪ್ರಕಾಶಕರು, ಜಾಹೀರಾತುದಾರರು ಮತ್ತು ಜಾಹೀರಾತು ಏಜೆನ್ಸಿಗಳು ಕೂಡಿ 1948ರಲ್ಲಿ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡದ್ದು ಇದಕ್ಕಾಗಿ. ಎಣಿಕೆಗೆ ಎಲ್ಲರಿಗೂ ಒಂದೇ ನಿಯಮ, ಆರು ತಿಂಗಳಿಗೊಂದು ಲೆಕ್ಕ, ಉಚಿತವಾಗಿ ಹಂಚಿದ ಪ್ರತಿಯನ್ನು ಮಾರಾಟದ ಜೊತೆ ಕಲಸುವಂತಿಲ್ಲ, ಹೊರಗಿನ ಲೆಕ್ಕಪರಿಶೋಧಕರ ಸಹಿ ಬೇಕು. ಹೀಗೆ ಪ್ರಮಾಣೀಕರಿಸಿದ ಸಣ್ಣ ಸಂಖ್ಯೆಗೆ, ಪ್ರಮಾಣವಿಲ್ಲದ ದೊಡ್ಡ ಸಂಖ್ಯೆಗಿಂತ ಹೆಚ್ಚಿನ ಬೆಲೆ ಬಂತು.

ನೀವು ಇಬ್ಬರೇ ನಡೆಸುವ ಉದ್ಯಮಕ್ಕೆ ಅಷ್ಟೆಲ್ಲ ಏರ್ಪಾಡು ಬೇಕಿಲ್ಲ, ಆದರೆ ಅದರ ಹಿಂದಿನ ಶಿಸ್ತು ಬೇಕು. ಜಾಲತಾಣದಲ್ಲಿ ಹೀಗೆ ಬರೆಯಿರಿ: ‘ಮಾರ್ಚ್ 31ರಂದು ಚಂದಾ ಕಟ್ಟಿ ಬಳಸುತ್ತಿದ್ದ ಅಂಗಡಿಗಳು 212. ಉಚಿತ ಅವಧಿಯಲ್ಲಿರುವವರನ್ನು ಇದರಲ್ಲಿ ಸೇರಿಸಿಲ್ಲ. ಮೊದಲ ವರ್ಷ ಸೇರಿದ 120 ಅಂಗಡಿಗಳಲ್ಲಿ 97 ಚಂದಾ ನವೀಕರಿಸಿವೆ.’ ಪ್ರತಿ ಆರು ತಿಂಗಳಿಗೊಮ್ಮೆ ಅದೇ ವಾಕ್ಯವನ್ನು, ಅದೇ ಅಳತೆಯಲ್ಲಿ, ಹೊಸ ಸಂಖ್ಯೆಗಳೊಂದಿಗೆ ಬದಲಿಸಿ. 23 ಅಂಗಡಿಗಳು ಏಕೆ ಬಿಟ್ಟವು ಎಂದು ಯಾರಾದರೂ ಕೇಳಿದರೆ ಕಾರಣವನ್ನು ನೇರವಾಗಿ ಹೇಳುವಷ್ಟು ಸಿದ್ಧರಾಗಿರಿ. ಅಂದರೆ ನೀವು ಆ 23 ಮಂದಿಗೂ ಒಮ್ಮೆ ಫೋನ್ ಮಾಡಿ ಕೇಳಿರಬೇಕು.

ನಮ್ಮ ಕಡೆಯ ಜನಕ್ಕೆ ಈ ಬಗೆಯ ಓದು ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದ ಇಂದಿನವರೆಗೆ, ಸಹಕಾರ ಸಂಘವೆಂದರೆ ಸದಸ್ಯರ ಮುಂದೆ ಲೆಕ್ಕ ಇಡಲೇಬೇಕಾದ ಸಂಸ್ಥೆ. ವಾರ್ಷಿಕ ಮಹಾಸಭೆಯಲ್ಲಿ ಹಂಚುವ ಪುಸ್ತಿಕೆಯಲ್ಲಿ ಸದಸ್ಯರ ಸಂಖ್ಯೆ, ಷೇರು ಬಂಡವಾಳ, ಕೊಟ್ಟ ಸಾಲ, ಸುಸ್ತಿ ಸಾಲ ಎಲ್ಲವೂ ಇರುತ್ತವೆ. ತಿಳಿದ ಸದಸ್ಯರು ಸದಸ್ಯರ ಸಂಖ್ಯೆಯನ್ನು ದಾಟಿ ನೇರವಾಗಿ ಸುಸ್ತಿ ಸಾಲದ ಅಂಕಣಕ್ಕೆ ಹೋಗುತ್ತಾರೆ. ನಿಮ್ಮ ವಿಷಯದಲ್ಲಿ ನವೀಕರಣದ ಲೆಕ್ಕಕ್ಕೆ ಆ ಸ್ಥಾನವಿದೆ.

ಎಲ್ಲವನ್ನೂ ತೆರೆದಿಟ್ಟು ನಡೆದವರ ಉದಾಹರಣೆಯೂ ಇದೆ. ಸಾಮಾಜಿಕ ಜಾಲತಾಣಗಳ ಬರಹಗಳನ್ನು ನಿಗದಿತ ಸಮಯಕ್ಕೆ ಪ್ರಕಟಿಸಿಕೊಡುವ ಬಫರ್ ಎಂಬ ಅಮೆರಿಕದ ಸಣ್ಣ ಕಂಪನಿ 2013ರಲ್ಲಿ ತನ್ನ ನೌಕರರ ಸಂಬಳವನ್ನೇ ಬಹಿರಂಗಪಡಿಸಿತು. ಮರುವರ್ಷ ಆದಾಯ, ಹಣ ಕೊಡುವ ಗ್ರಾಹಕರು, ಬಿಟ್ಟುಹೋಗುವವರ ಪ್ರಮಾಣ ಎಲ್ಲವನ್ನೂ ಯಾರು ಬೇಕಾದರೂ ನೋಡುವಂತೆ ಮಾಡಿತು. 2016ರಲ್ಲಿ ಹಣದ ಅಂದಾಜು ತಪ್ಪಿ ಹತ್ತು ಮಂದಿಯನ್ನು ಕೆಲಸದಿಂದ ತೆಗೆಯಬೇಕಾಗಿ ಬಂದಾಗ ಅದನ್ನೂ, ಅದರ ಕಾರಣವನ್ನೂ ಬರೆದು ಪ್ರಕಟಿಸಿತು. ಆ ಕಂಪನಿಯ ಮಾತನ್ನು ಜನ ನಂಬಿದ್ದಕ್ಕೆ ಏರುವ ರೇಖೆಯಷ್ಟೇ ಈ ಕಹಿ ಬರಹವೂ ಕಾರಣ ಎಂದು ನಾನು ತಿಳಿದಿದ್ದೇನೆ. ಹಾಗೆಂದು ಆ ದಾರಿ ಎಲ್ಲರಿಗೂ ಸರಿ ಎಂದು ಹೇಳಲಾರೆ. ಅದೇ ರೀತಿ ಆದಾಯವನ್ನು ತೆರೆದಿಟ್ಟ ಸಣ್ಣ ಉದ್ಯಮಿಗಳಲ್ಲಿ ಹಲವರು, ತಮ್ಮ ಸಂಖ್ಯೆ ನೋಡಿಯೇ ಅನುಕರಿಸುವವರು ಹುಟ್ಟಿಕೊಂಡರೆಂದು ಮತ್ತೆ ಮುಚ್ಚಿದ್ದಾರೆ.

ನಿಮಗೂ ಆ ಅಪಾಯ ಸ್ವಲ್ಪ ಇದೆ. ನಿಮ್ಮ ವಾರ್ಷಿಕ ಚಂದಾ ಎಷ್ಟೆಂದು ಪ್ರತಿಸ್ಪರ್ಧಿಗೆ ಗೊತ್ತು, ಅದನ್ನು 212ರಿಂದ ಗುಣಿಸಿದರೆ ನಿಮ್ಮ ಆದಾಯವೂ ಅವನ ಕೈಗೆ ಸಿಗುತ್ತದೆ. ಅದರಿಂದ ನಿಮಗೆ ದೊಡ್ಡ ನಷ್ಟವಾಗುವುದೆಂದು ನನಗೆ ಅನ್ನಿಸುವುದಿಲ್ಲ. ಆದರೆ ಯಾವ ಊರಿನಲ್ಲಿ ಎಷ್ಟು, ಯಾವ ಬಗೆಯ ಅಂಗಡಿ ಎಷ್ಟು ಎಂಬ ವಿಂಗಡಣೆಯನ್ನು ಜಾಲತಾಣಕ್ಕೆ ಹಾಕಬೇಡಿ. ನಿಮ್ಮ ಗಿರಾಕಿಗಳು ಎಲ್ಲಿ ದಟ್ಟವಾಗಿದ್ದಾರೆಂದು ತಿಳಿದವನು ಅಲ್ಲಿಗೇ ರಿಯಾಯಿತಿ ಹಿಡಿದು ಬರುತ್ತಾನೆ. ಊರಿನ ವಿವರ ಎದುರು ಕುಳಿತು ಕೇಳಿದವರಿಗೆ ಮಾತ್ರ ಇರಲಿ.

ಇನ್ನೊಂದು ವಿಷಯ. ಒಮ್ಮೆ ಪ್ರಕಟಿಸಲು ತೊಡಗಿದ ಸಂಖ್ಯೆಯನ್ನು ನಿಲ್ಲಿಸಿದರೆ ಆ ಮೌನಕ್ಕೂ ಜನ ಅರ್ಥ ಹುಡುಕುತ್ತಾರೆ. ಸುಮಾರು 27 ಕೋಟಿ ಚಂದಾದಾರರಿದ್ದ ನೆಟ್‌ಫ್ಲಿಕ್ಸ್, 2025ರಿಂದ ಮೂರು ತಿಂಗಳಿಗೊಮ್ಮೆ ಚಂದಾದಾರರ ಸಂಖ್ಯೆ ಹೇಳುವುದಿಲ್ಲವೆಂದು 2024ರ ಏಪ್ರಿಲ್‌ನಲ್ಲಿ ತಿಳಿಸಿದಾಗ, ಲಾಭ ಚೆನ್ನಾಗಿದ್ದರೂ ಅದರ ಷೇರು ಬೆಲೆ ಇಳಿಯಿತು. ಆದ್ದರಿಂದ 212 ಮುಂದೊಮ್ಮೆ 190 ಆದಾಗಲೂ ಬರೆಯುವ ಧೈರ್ಯವಿದೆಯೇ ಎಂದು ನೀವಿಬ್ಬರೂ ಮೊದಲೇ ಕುಳಿತು ತೀರ್ಮಾನಿಸಿಕೊಳ್ಳಿ. ಇಲ್ಲವೆಂದಾದರೆ ಜಾಲತಾಣದ ಗೊಡವೆ ಬೇಡ, ಕೇಳಿದವರಿಗೆ ಬಾಯಿಮಾತಿನಲ್ಲಿ ನಿಜ ಹೇಳಿ, ಅಷ್ಟು ಸಾಕು. ಇಪ್ಪತ್ತು ಮೂವತ್ತು ಗಿರಾಕಿಗಳಿರುವ ಉದ್ಯಮಗಳಿಗೂ ನನ್ನ ಸಲಹೆ ಇದೇ, ಅಲ್ಲಿ ಇಬ್ಬರು ಬಿಟ್ಟರೂ ಪ್ರಮಾಣ ಏರುಪೇರಾಗುವುದರಿಂದ ಆ ಸಂಖ್ಯೆಯಿಂದ ಓದುವವನಿಗೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಒಂದು ಸ್ಟಾರ್ಟಪ್‌ನಲ್ಲಿ ದತ್ತಾಂಶ ವಿಶ್ಲೇಷಕಿಯಾಗಿದ್ದೇನೆ. ಹೂಡಿಕೆದಾರರಿಗೆ ಕಳುಹಿಸುವ ವರದಿಯಲ್ಲಿ ಆ್ಯಪ್ ಡೌನ್‌ಲೋಡ್ ಮಾಡಿದ ಎಲ್ಲರನ್ನೂ ‘ಗ್ರಾಹಕರು’ ಎಂದು ತೋರಿಸಲು ನಮ್ಮ ಮುಖ್ಯಸ್ಥರು ಹೇಳುತ್ತಾರೆ. ‘ಎಲ್ಲರೂ ಹೀಗೇ ಮಾಡುತ್ತಾರೆ, ನಂಬಿಕೆ ಹುಟ್ಟಬೇಕೆಂದರೆ ಸಂಖ್ಯೆ ದೊಡ್ಡದಿರಬೇಕು’ ಎಂಬುದು ಅವರ ವಾದ. ಇದು ತಪ್ಪೇ, ಅಥವಾ ನಾನೇ ಅತಿಯಾಗಿ ಯೋಚಿಸುತ್ತಿದ್ದೇನೆಯೇ?
— ಹೆಸರು ಬೇಡವೆಂದಿರುವ ಓದುಗರು, ಬೆಂಗಳೂರು

ಉತ್ತರ: ನೀವು ಅತಿಯಾಗಿ ಯೋಚಿಸುತ್ತಿಲ್ಲ. ಡೌನ್‌ಲೋಡ್ ಸಂಖ್ಯೆಯನ್ನು ಡೌನ್‌ಲೋಡ್ ಎಂದೇ ಕರೆದು ಕೊಟ್ಟರೆ ಅದರಲ್ಲಿ ತಪ್ಪಿಲ್ಲ. ಅದಕ್ಕೆ ಗ್ರಾಹಕ ಎಂಬ ಹೆಸರು ಅಂಟಿಸಿ, ಆ ನಂಬಿಕೆಯ ಮೇಲೆ ಹಣ ಪಡೆದರೆ ಅದು ಮೋಸದ ದಾರಿ. ಆ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅಮೆರಿಕದ ಫ್ರ್ಯಾಂಕ್ ಕಂಪನಿಯ ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮಂಥದ್ದೇ ಸ್ಥಾನದಲ್ಲಿದ್ದ ಒಬ್ಬರು ಬರುತ್ತಾರೆ.

ಕಾಲೇಜು ವಿದ್ಯಾರ್ಥಿಗಳಿಗೆ ಸರ್ಕಾರದ ಆರ್ಥಿಕ ನೆರವಿನ ಅರ್ಜಿ ತುಂಬಲು ನೆರವಾಗುತ್ತಿದ್ದ ಈ ಕಂಪನಿಯನ್ನು ಚಾರ್ಲಿ ಜೇವಿಸ್ ಸ್ಥಾಪಿಸಿದ್ದರು. 2021ರಲ್ಲಿ ಜೆಪಿಮಾರ್ಗನ್ ಚೇಸ್ ಬ್ಯಾಂಕು ಅದನ್ನು 17.5 ಕೋಟಿ ಡಾಲರಿಗೆ ಕೊಂಡಿತು. ತಮಗೆ 42.5 ಲಕ್ಷ ಗ್ರಾಹಕರಿದ್ದಾರೆ ಎಂದು ಜೇವಿಸ್ ಹೇಳಿದ್ದರು, ನಿಜವಾಗಿ ಇದ್ದವರು ಸುಮಾರು 3 ಲಕ್ಷ. ಕೊಳ್ಳುವ ಮುನ್ನ ಬ್ಯಾಂಕು ಗ್ರಾಹಕರ ಪಟ್ಟಿ ಕೇಳಿದಾಗ, ಕೃತಕವಾಗಿ ಆ ಪಟ್ಟಿಯನ್ನು ಸೃಷ್ಟಿಸಿಕೊಡುವಂತೆ ಕಂಪನಿಯ ತಾಂತ್ರಿಕ ವಿಭಾಗದ ಮುಖ್ಯಸ್ಥರನ್ನು ಕೇಳಲಾಯಿತು. ಅವರು ಆಗುವುದಿಲ್ಲ ಎಂದರು. ಆಮೇಲೆ ಹೊರಗಿನ ಒಬ್ಬ ಪ್ರಾಧ್ಯಾಪಕರಿಗೆ 18,000 ಡಾಲರ್ ಕೊಟ್ಟು ಪಟ್ಟಿಯನ್ನು ಮಾಡಿಸಿದರು. ಬ್ಯಾಂಕು ಕೊಂಡ ಮೇಲೆ ಆ ಗ್ರಾಹಕರಲ್ಲಿ ಸುಮಾರು 4 ಲಕ್ಷ ಮಂದಿಗೆ ಇಮೇಲ್ ಕಳುಹಿಸಿ ನೋಡಿತು. ನೂರಕ್ಕೆ 28ರಷ್ಟು ಮಾತ್ರ ತಲುಪಿದವು. ಒಂದು ಸಾಮಾನ್ಯ ಇಮೇಲ್ ಪ್ರಚಾರದಲ್ಲಿ ಇಡೀ ಕಟ್ಟಡ ಕುಸಿಯಿತು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಜೇವಿಸ್ ತಪ್ಪಿತಸ್ಥರೆಂದು ತೀರ್ಮಾನಿಸಿತು, ಸೆಪ್ಟೆಂಬರ್‌ನಲ್ಲಿ 85 ತಿಂಗಳ ಸೆರೆವಾಸ ವಿಧಿಸಿತು. ಕಂಪನಿಯ ಬೆಳವಣಿಗೆಯ ಹೊಣೆ ಹೊತ್ತಿದ್ದ ಅಧಿಕಾರಿಯೂ ಅವರ ಜೊತೆ ತಪ್ಪಿತಸ್ಥರೆಂದು ಸಾಬೀತಾದರು. ಇಲ್ಲ ಎಂದ ತಾಂತ್ರಿಕ ಮುಖ್ಯಸ್ಥರು ಅದೇ ನ್ಯಾಯಾಲಯಕ್ಕೆ ಸಾಕ್ಷಿಯಾಗಿ ಬಂದರು. ಮೇಲಿನವರ ಮಾತಿನಂತೆ ನಡೆದೆ ಎಂಬ ಸಮಜಾಯಿಷಿಯನ್ನು ನೆಚ್ಚಿಕೊಂಡು ನೀವು ಯಾವ ವರದಿಗೂ ಕೈ ಹಾಕಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

‘ಎಲ್ಲರೂ ಹೀಗೇ ಮಾಡುತ್ತಾರೆ’ ಎಂಬುದು ನಿಜವೂ ಅಲ್ಲ. ನಮ್ಮ ಮೊಬೈಲ್ ಕಂಪನಿಗಳ ವಿಷಯದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಪ್ರತಿ ತಿಂಗಳು ಎರಡು ಸಂಖ್ಯೆಗಳನ್ನು ಪ್ರಕಟಿಸುತ್ತದೆ. ಒಂದು, ದಾಖಲೆಯಲ್ಲಿರುವ ಒಟ್ಟು ಸಂಪರ್ಕಗಳದ್ದು. ಇನ್ನೊಂದು, ಆ ತಿಂಗಳಲ್ಲಿ ನಿಜವಾಗಿ ಜಾಲಕ್ಕೆ ಸೇರಿಕೊಂಡು ಸಕ್ರಿಯವಾಗಿದ್ದ ಸಂಪರ್ಕಗಳದ್ದು. ಮೇಜಿನ ಡ್ರಾಯರ್‌ನಲ್ಲಿ ಬಿದ್ದಿರುವ ಹಳೆಯ ಸಿಮ್ ಕಾರ್ಡು ಮೊದಲ ಲೆಕ್ಕದಲ್ಲಿ ಇರಬಹುದು, ಎರಡನೆಯದರಲ್ಲಿ ಇರಲಾರದು. ಜೊಮಾಟೊ 2021ರಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ತನ್ನ ಆ್ಯಪನ್ನು ಎಷ್ಟು ಮಂದಿ ಇಳಿಸಿಕೊಂಡಿದ್ದಾರೆ ಎಂಬುದನ್ನು ನೆಚ್ಚಿಕೊಳ್ಳದೆ, ತಿಂಗಳಲ್ಲಿ ಕನಿಷ್ಠ ಒಂದು ಸಲ ಆರ್ಡರ್ ಮಾಡಿದವರನ್ನು, ಮೊಬೈಲ್ ಸಂಖ್ಯೆಯ ಆಧಾರದ ಮೇಲೆ ಎಣಿಸಿ ತೋರಿಸಿತು. ಈಗಂತೂ ಷೇರು ಬಿಡುಗಡೆಗೆ ಹೊರಟ ಕಂಪನಿ ಹಿಂದೆ ಹೂಡಿಕೆದಾರರಿಗೆ ತೋರಿಸಿದ ಪ್ರಮುಖ ಸೂಚಕಗಳನ್ನು ವ್ಯಾಖ್ಯಾನ ಸಹಿತ ದಾಖಲೆಯಲ್ಲಿ ಇಡಬೇಕು, ಅವನ್ನು ಪ್ರಮಾಣೀಕರಿಸಬೇಕು ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2022ರಲ್ಲಿ ನಿಯಮ ತಿದ್ದಿದೆ. ಇವತ್ತು ನಿಮ್ಮ ಮುಖ್ಯಸ್ಥರು ಇಮೇಲ್‌ನಲ್ಲಿ ಕಳುಹಿಸುವ ವರದಿ ನಾಲ್ಕು ವರ್ಷಗಳ ಮೇಲೆ ಹೊರಗಿನ ಲೆಕ್ಕಪರಿಶೋಧಕರ ಮೇಜಿಗೆ ಬರಬಹುದು ಎಂಬುದನ್ನು ಅವರಿಗೆ ತಿಳಿಸಿ.

ತಪ್ಪು ಎಣಿಕೆಯಾಗುವುದು ಬೇರೆ, ತಪ್ಪಾಗಿ ಹೆಸರಿಸುವುದು ಬೇರೆ. ಟ್ವಿಟ್ಟರ್ 2022ರ ಏಪ್ರಿಲ್‌ನಲ್ಲಿ, ಒಬ್ಬನೇ ನಡೆಸುವ ಹಲವು ಖಾತೆಗಳನ್ನು ಬೇರೆ ಬೇರೆ ಬಳಕೆದಾರರೆಂದು ಮೂರು ವರ್ಷ ಎಣಿಸಿದ್ದೆವು, ಇದರಿಂದ ದಿನದ ಬಳಕೆದಾರರ ಸಂಖ್ಯೆ 14ರಿಂದ 19 ಲಕ್ಷದಷ್ಟು ಹೆಚ್ಚಾಗಿ ಕಂಡಿತ್ತು ಎಂದು ತಾನೇ ತಿದ್ದುಪಡಿ ಪ್ರಕಟಿಸಿತು. ತಪ್ಪು ಕಂಡಾಗ ಮಾಡಬೇಕಾದದ್ದು ಇದು.

ನಿಮ್ಮ ವರದಿಯಲ್ಲಿ ಡೌನ್‌ಲೋಡ್, ನೋಂದಣಿ, ಕಳೆದ ಮೂವತ್ತು ದಿನಗಳಲ್ಲಿ ಬಳಸಿದವರು, ಹಣ ಕೊಟ್ಟವರು ಎಂದು ನಾಲ್ಕು ಸಾಲುಗಳನ್ನು ಬೇರೆಬೇರೆಯಾಗಿ ಇಟ್ಟು, ಕೆಳಗೆ ಪ್ರತಿಯೊಂದರ ಅರ್ಥವನ್ನು ಬರೆದುಕೊಡಿ. ಮುಖ್ಯಸ್ಥರು ಒಪ್ಪದಿದ್ದರೆ ನಿಮ್ಮ ಆಕ್ಷೇಪವನ್ನು ಇಮೇಲ್‌ನಲ್ಲಿ ಲಿಖಿತವಾಗಿ ತಿಳಿಸಿ, ನೀವು ಸಿದ್ಧಪಡಿಸಿದ ಮೂಲ ವರದಿ ಕಂಪನಿಯ ಕಡತದಲ್ಲಿ ಹಾಗೆಯೇ ಉಳಿಯುವಂತೆ ನೋಡಿಕೊಳ್ಳಿ. ಮತ್ತೂ ಒತ್ತಾಯ ಬಂದರೆ ವಕೀಲರೊಬ್ಬರ ಸಲಹೆ ಪಡೆಯಿರಿ, ಬೇರೆ ಕೆಲಸವನ್ನೂ ಹುಡುಕತೊಡಗಿ. ಈ ಮಾತು ಕಠಿಣವೆನಿಸಬಹುದು, ಆದರೆ ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದ ವಿಶ್ಲೇಷಕಿ ಎಂಬ ಹೆಸರನ್ನು ಮುಂದಿನ ಯಾವ ಕೆಲಸವೂ ಅಳಿಸಿಕೊಡುವುದಿಲ್ಲ.

ಪ್ರಶ್ನೆ: ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಆನ್‌ಲೈನ್ ಪಾಠ ನಡೆಸುತ್ತೇನೆ. ಶುಲ್ಕ ಕೊಟ್ಟು ಕಲಿಯುವವರು 64 ಮಕ್ಕಳು. ಪರೀಕ್ಷೆಗೆ ಮುನ್ನ ಉಚಿತವಾಗಿ ಮಾಡಿದ ವಾಟ್ಸ್‌ಆ್ಯಪ್ ತರಗತಿಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ‘1000+ ವಿದ್ಯಾರ್ಥಿಗಳು’ ಎಂದು ಹಾಕಿ, ಒಳ್ಳೆಯ ಅಂಕ ಪಡೆದವರ ಫೋಟೊ ಹಾಕಿ ಎಂದು ಪ್ರಚಾರದ ಕೆಲಸ ಮಾಡುವವರು ಹೇಳುತ್ತಾರೆ. ಹಾಕಬಹುದೇ?
— ಶಿಕ್ಷಕಿಯೊಬ್ಬರು, ಶಿವಮೊಗ್ಗ

ಉತ್ತರ: ಹಾಗೆ ಹಾಕಬೇಡಿ, ಮೇಡಂ. ನಿಮ್ಮ ಕ್ಷೇತ್ರದಲ್ಲಿ ಇದು ಕಾನೂನಿನ ಕಣ್ಣಿಗೆ ಈಗಾಗಲೇ ಬಿದ್ದಿರುವ ವಿಷಯ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐಎಎಸ್ ತರಬೇತಿ ನೀಡುವ ಹಲವು ಸಂಸ್ಥೆಗಳಿಗೆ ದಂಡ ಹಾಕಿದೆ. ತಮ್ಮಲ್ಲಿ ಇಷ್ಟು ಮಂದಿ ಆಯ್ಕೆಯಾದರು ಎಂದು ಫೋಟೊ ಸಹಿತ ಜಾಹೀರಾತು ಕೊಟ್ಟಿದ್ದ ಸಂಸ್ಥೆಗಳಲ್ಲಿ, ಆ ಅಭ್ಯರ್ಥಿಗಳ ಪೈಕಿ ಬಹುಪಾಲು ಮಂದಿ ಸಂದರ್ಶನಕ್ಕೆ ಮುನ್ನ ನಡೆಯುವ ಉಚಿತ ಮಾರ್ಗದರ್ಶನಕ್ಕೆ ಮಾತ್ರ ಬಂದಿದ್ದರು. ಅದನ್ನು ಮುಚ್ಚಿಟ್ಟದ್ದೇ ದಾರಿತಪ್ಪಿಸುವ ಜಾಹೀರಾತಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥದ್ದಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ತರಬೇತಿ ಕ್ಷೇತ್ರಕ್ಕೆಂದೇ 2024ರ ನವೆಂಬರ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಬಂದಿದೆ. ನಿಮ್ಮದು ಚಿಕ್ಕ ತರಗತಿಯೆಂದು ಆ ಮಾರ್ಗಸೂಚಿ ನಿಮಗೆ ಅನ್ವಯಿಸುವುದಿಲ್ಲ ಎಂದುಕೊಳ್ಳಬೇಡಿ. ಶುಲ್ಕ ಕೊಟ್ಟವರನ್ನೂ ಉಚಿತವಾಗಿ ಬಂದವರನ್ನೂ ಕಲಸಿ ಹೇಳುವುದು ದೊಡ್ಡ ಸಂಸ್ಥೆಗೆ ತಪ್ಪಾದರೆ ನಿಮಗೂ ತಪ್ಪೇ.

64 ಎಂಬುದು ನಾಚಿಕೊಳ್ಳುವ ಸಂಖ್ಯೆಯೇನಲ್ಲ. ಗಣಿತಕ್ಕೆ ಹೆದರುವ ಮಗುವಿನ ತಾಯಿ ಸಾವಿರ ಮಂದಿಯ ತರಗತಿಯನ್ನು ಹುಡುಕಿಕೊಂಡು ಬರುವುದಿಲ್ಲ. ‘ಈ ವರ್ಷ 64 ಮಕ್ಕಳಿದ್ದಾರೆ, ಒಂದು ತಂಡದಲ್ಲಿ ಇಷ್ಟೇ ಮಕ್ಕಳು, ಪ್ರತಿ ಮಗುವಿನ ಲೆಕ್ಕವನ್ನು ನಾನೇ ತಿದ್ದುತ್ತೇನೆ’ ಎಂದು ಬರೆದರೆ ಅವರಿಗೆ ಬೇಕಾದದ್ದು ಸಿಕ್ಕಿತು. ಉಚಿತ ತರಗತಿಯ ಮಾತನ್ನು ಬೇರೆ ವಾಕ್ಯದಲ್ಲಿ, ಉಚಿತ ಎಂದೇ ಹೇಳಿ.

ಫೋಟೊಗಳ ವಿಷಯದಲ್ಲಿ ಇನ್ನೂ ಎಚ್ಚರವಿರಲಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆತಾಯಿ ಅಥವಾ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಮಗುವಿನ ಮುಖ, ಶಾಲೆಯ ಹೆಸರು ಮತ್ತು ಅಂಕ ಮೂರನ್ನೂ ಒಟ್ಟಿಗೆ ಹಾಕುವ ಅಗತ್ಯವೇ ಇಲ್ಲ. ತಾಯಿತಂದೆಯರು ತಮ್ಮ ಮಾತಿನಲ್ಲಿ ಬರೆದುಕೊಟ್ಟ ನಾಲ್ಕು ಸಾಲುಗಳನ್ನು, ಅವರು ಒಪ್ಪಿದ ಹೆಸರಿನಲ್ಲಿ ಹಾಕಿಕೊಳ್ಳಬಹುದು. ಒಪ್ಪಿಗೆಯ ಕಾಗದದಲ್ಲಿ ಎಲ್ಲಿ ಬಳಸುತ್ತೀರಿ, ಎಷ್ಟು ಕಾಲ ಬಳಸುತ್ತೀರಿ ಎಂಬುದನ್ನು ಬರೆಯಿರಿ, ಮಗು ನಿಮ್ಮ ತರಗತಿ ಬಿಟ್ಟ ಮೇಲೆ ಅವರು ತೆಗೆಯಿರಿ ಎಂದರೆ ಅದೇ ವಾರದಲ್ಲಿ ತೆಗೆದುಬಿಡಿ.